ಅಡುಗೆಮನೆ ನಳ್ಳಿಯಲ್ಲಿ ನೀರು ಸಣ್ಣಗೆ ಬರುತ್ತಿದ್ದರೆ: ಪಂಪೋ, ಟ್ಯಾಂಕೋ, ಪೈಪೋ?

ಅಡುಗೆಮನೆ ನಳ್ಳಿಯಲ್ಲಿ ನೀರು ನೂಲಿನ ಹಾಗೆ ಬರುತ್ತದೆ ಅಂತ ಯಾವುದಾದರೂ ಹಾರ್ಡ್‌ವೇರ್ ಅಂಗಡಿಯಲ್ಲಿ ಹೇಳಿ ನೋಡಿ. ಕೂಡಲೇ ಒಂದು ಪ್ರೆಶರ್ ಪಂಪಿನ ಡಬ್ಬಿ ಮೇಜಿನ ಮೇಲೆ ಬರುತ್ತದೆ. ಮೇಸ್ತ್ರಿಯನ್ನು ಕೇಳಿದರೆ ಟ್ಯಾಂಕ್ ಎತ್ತರಿಸುವ ಅನ್ನುತ್ತಾರೆ. ಪ್ಲಂಬರನ್ನು ಕೇಳಿದರೆ ಪೈಪ್ ಎಲ್ಲಾ ಹೋಗಿದೆ, ಪೂರ್ತಿ ಬದಲಾಯಿಸಬೇಕು ಅನ್ನುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಮೂರೂ ಬೇರೆ ಬೇರೆ ಕಾಯಿಲೆಗೆ ಮದ್ದು, ನಿಮ್ಮ ಮನೆಯದು ಯಾವ ಕಾಯಿಲೆ ಅಂತ ನೋಡದೆ ದುಡ್ಡು ಹಾಕಬಾರದು, ಅಷ್ಟೇ.

ನಾನು ಹೇಳುತ್ತಿರುವುದು ನಮ್ಮ ಕಾಸರಗೋಡಿನ ಕಡೆಯ ಹಂಚಿನ ಮನೆಗಳ ಮತ್ತು ಹಳೆ ತಾರಸಿ ಮನೆಗಳ ವಿಷಯ. ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ ಚಿತ್ರ. ಬಾವಿ ಅಥವಾ ಬೋರ್‌ವೆಲ್, ಬಚ್ಚಲಿನ ಸ್ಲ್ಯಾಬಿನ ಮೇಲೆ ಒಂದು ಟ್ಯಾಂಕ್, ಅಲ್ಲಿಂದ ಮನೆಯ ಇನ್ನೊಂದು ತುದಿಯ ಅಡುಗೆಮನೆಗೆ ಯಾವಾಗಲೋ ಎಳೆದ ಅರ್ಧ ಇಂಚಿನ ಜಿಐ ಪೈಪ್, ಅಂದರೆ ಸತು ಬಳಿದ ಕಬ್ಬಿಣದ ಪೈಪ್. ಬಚ್ಚಲಲ್ಲಿ ನೀರು ಚೆನ್ನಾಗಿಯೇ ಬರುತ್ತದೆ, ಯಾಕೆಂದರೆ ಟ್ಯಾಂಕ್ ತಲೆಯ ಮೇಲೇ ಇದೆ. ಸೋಲುವುದು ಅಡುಗೆಮನೆ.

ಮೊದಲು ಎರಡು ಸಂಗತಿ ಬೇರೆ ಮಾಡಿಕೊಳ್ಳಬೇಕು. ಒಂದು, ನೀರನ್ನು ತಳ್ಳುವ ಬಲ. ಇನ್ನೊಂದು, ನೀರು ಹೋಗುವ ದಾರಿ. ಬಲ ಬರುವುದು ಟ್ಯಾಂಕಿನ ನೀರಿನ ಮಟ್ಟ ನಳ್ಳಿಗಿಂತ ಎಷ್ಟು ಮೇಲಿದೆ ಅನ್ನುವುದರಿಂದ ಮಾತ್ರ. ಟ್ಯಾಂಕ್ ಐನೂರು ಲೀಟರಿನದ್ದೋ ಎರಡು ಸಾವಿರದ್ದೋ ಅನ್ನುವುದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಸುಮಾರು 33 ಅಡಿ, ಅಂದರೆ 10 ಮೀಟರ್ ಎತ್ತರಕ್ಕೆ ಚದರ ಸೆಂಟಿಮೀಟರಿಗೆ ಒಂದು ಕೆಜಿ ಒತ್ತಡ. ಈಗ ನಮ್ಮ ಬಚ್ಚಲಿನ ಮೇಲಿನ ಟ್ಯಾಂಕನ್ನು ನೋಡಿ. ಸ್ಲ್ಯಾಬ್ 8 ಅಡಿ ಎತ್ತರದಲ್ಲಿದೆ, ಟ್ಯಾಂಕ್ 4 ಅಡಿ, ನಳ್ಳಿ ನೆಲದಿಂದ ಮೂರೂವರೆ ಅಡಿ ಮೇಲೆ. ಟ್ಯಾಂಕ್ ತುಂಬಿದಾಗ ನಳ್ಳಿಯ ಮೇಲೆ ಎಂಟೂವರೆ ಅಡಿ ನೀರು, ತಳಕ್ಕೆ ಇಳಿದಾಗ ನಾಲ್ಕೂವರೆ ಅಡಿ. ಒತ್ತಡ 0.26ರಿಂದ 0.14ಕ್ಕೆ, ಅಂದರೆ ಅರ್ಧದ ಹತ್ತಿರಕ್ಕೆ ಇಳಿಯಿತು. ಬೆಳಿಗ್ಗೆ ಮೋಟರ್ ಹಾಕಿದ ಮೇಲೆ ಚೆನ್ನಾಗಿ ಬಂದ ನೀರು ಮಧ್ಯಾಹ್ನ ಪಾತ್ರೆ ತೊಳೆಯುವ ಹೊತ್ತಿಗೆ ಯಾಕೆ ಸೋಲುತ್ತದೆ ಅಂತ ಕೇಳುವವರಿಗೆ ಇದೇ ಉತ್ತರ. ಅಂಥ ಮನೆಯವರು ಟ್ಯಾಂಕ್ ಪೂರ್ತಿ ಖಾಲಿಯಾಗುವವರೆಗೆ ಕಾಯದೆ ದಿನಕ್ಕೆ ಎರಡು ಸಲ ಮೋಟರ್ ಹಾಕಿದರೆ ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ತೊಂದರೆ ಹೋಗುತ್ತದೆ.

ದಾರಿಯ ವಿಷಯ ಇದಕ್ಕಿಂತ ಮುಖ್ಯ, ಅದಕ್ಕೆ ಬರುತ್ತೇನೆ. ಅದಕ್ಕೆ ಮೊದಲು ಒಂದು ಅಳತೆ. ಐದು ಲೀಟರಿನ ಬಕೆಟ್ ಒಂದನ್ನು ನಳ್ಳಿಯ ಕೆಳಗೆ ಇಟ್ಟು, ನಳ್ಳಿ ಪೂರ್ತಿ ತಿರುಗಿಸಿ, ಫೋನಿನಲ್ಲಿ ಸಮಯ ನೋಡಿ. ಅರ್ಧ ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ ಹತ್ತು ಲೀಟರ್, ಏನೂ ಮಾಡಬೇಕಾಗಿಲ್ಲ. ಒಂದು ನಿಮಿಷ ಬೇಕಾದರೆ ಐದು ಲೀಟರ್, ಪಾತ್ರೆ ತೊಳೆಯಲು ಹೇಗೋ ಸಾಕು. ಎರಡು ನಿಮಿಷ ದಾಟಿದರೆ ಮಾತ್ರ ಕೆಲಸ ಹಿಡಿಯಲೇಬೇಕು. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಯಾಕೆಂದರೆ ಮುಂದೆ ಏನು ಮಾಡಿದರೂ ಸುಧಾರಿಸಿತೋ ಇಲ್ಲವೋ ಅಂತ ಕಣ್ಣಂದಾಜಿನಲ್ಲಿ ಗೊತ್ತಾಗುವುದಿಲ್ಲ, ದುಡ್ಡು ಕೊಟ್ಟ ಮೇಲೆ ಎಲ್ಲರಿಗೂ ನೀರು ಜಾಸ್ತಿ ಬಂದ ಹಾಗೆಯೇ ಕಾಣುತ್ತದೆ!

ದುಡ್ಡು ಹಾಕುವ ಮೊದಲು

ನಳ್ಳಿಯ ಬಾಯಿಯಲ್ಲಿ ಜಾಲರಿ ಇದೆಯಾ? ಬಿಚ್ಚಿ. ಬೋರಿನ ನೀರಾದರೆ ಒಳಗೆ ಕೆಂಪು ರಾಡಿ ಮೆತ್ತಿಕೊಂಡಿರುತ್ತದೆ, ಬಾವಿ ನೀರಾದರೆ ಮರಳಿನ ಕಣ. ಇಂಟರ್ನೆಟ್ಟಿನಲ್ಲಿ ಎಲ್ಲರೂ ವಿನೆಗರ್‌ನಲ್ಲಿ ನೆನೆಸಿ ಅನ್ನುತ್ತಾರೆ, ಅದು ಗಡಸು ನೀರಿನ ಬಿಳಿ ಪುಡಿ ಕಟ್ಟುವ ಊರುಗಳಿಗೆ ಸರಿ. ನಮ್ಮಲ್ಲಿ ಕಟ್ಟುವುದು ಹೆಚ್ಚಾಗಿ ಕಬ್ಬಿಣದ ಕಿಲುಬು. ಹಿತ್ತಲಿನಲ್ಲಿ ಹುಳಿ ಕಾಯಿಯ ಬಿಂಬುಳಿ ಮರ ಇದ್ದರೆ ನಾಲ್ಕು ಕಾಯಿ ಜಜ್ಜಿ ಆ ರಸದಲ್ಲಿ ಒಂದು ರಾತ್ರಿ ಹಾಕಿಡಿ, ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿದರೆ ಹೋಗುತ್ತದೆ. ಹೋಗದಿದ್ದರೆ ಜಾಲರಿ ಇಲ್ಲದೆಯೇ ಬಳಸಿ, ಸ್ವಲ್ಪ ಹಾರುತ್ತದೆ, ಅಷ್ಟೇ.

ಜಾಲರಿ ತೆಗೆದೂ ನೀರು ಸಣ್ಣಗೇ ಬಂದರೆ ನಳ್ಳಿಯನ್ನೇ ಬಿಚ್ಚಿ ಬರೀ ಪೈಪಿನ ಬಾಯಿಂದ ಬಕೆಟ್ ತುಂಬಿಸಿ ನೋಡಿ. ಇಲ್ಲಿ ನೀರು ಧಾರಾಳ ಬಂದರೆ ತಪ್ಪು ನಳ್ಳಿಯದ್ದು. ಈಗಿನ ಕುತ್ತಿಗೆ ಬಗ್ಗಿಸುವ, ಎಳೆದರೆ ಉದ್ದ ಬರುವ ಚಂದದ ನಳ್ಳಿಗಳ ಒಳಗಿನ ಟ್ಯೂಬ್ ಬಹಳ ಸಪೂರ. ಅವು ಹೆಚ್ಚು ಒತ್ತಡದ ಫ್ಲ್ಯಾಟುಗಳಿಗೆ ಮಾಡಿದ ವಸ್ತು. ಬಚ್ಚಲಿನ ಮೇಲೆ ಟ್ಯಾಂಕ್ ಇಟ್ಟ ಮನೆಗೆ ದಪ್ಪ ಬಾಯಿಯ ಸಾದಾ ಹಿತ್ತಾಳೆ ನಳ್ಳಿಯೇ ಒಳ್ಳೆಯದು. ಮಗ ದುಬೈಯಿಂದ ಬಂದಾಗ ಅಡುಗೆಮನೆ ಹೊಸದು ಮಾಡಿಸಿ, ನಳ್ಳಿ ಬದಲಾಯಿಸಿ, ಆಮೇಲೆ ಅಮ್ಮ ಕೊಡಪಾನದಲ್ಲಿ ಬಚ್ಚಲಿಂದ ನೀರು ಹೊತ್ತು ತರುವ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ.

ಇನ್ನು ವಾಲ್ವ್. ಟ್ಯಾಂಕಿನ ಬುಡದಲ್ಲಿರುವ ಹಳೆ ಗೇಟ್ ವಾಲ್ವ್ ತುಂಬ ಜನರನ್ನು ಮೋಸ ಮಾಡುತ್ತದೆ. ಚಕ್ರ ಸುತ್ತುತ್ತದೆ, ಕಡ್ಡಿ ಮೇಲೆ ಬರುತ್ತದೆ, ಆದರೆ ಒಳಗಿನ ತಟ್ಟೆ ಕಳಚಿ ಕೆಳಗೇ ಕೂತಿರುತ್ತದೆ. ಹೊರಗಿನಿಂದ ನೋಡಿದರೆ ವಾಲ್ವ್ ಪೂರ್ತಿ ತೆರೆದಿದೆ. ಇದನ್ನು ರಿಪೇರಿ ಮಾಡಲು ಹೋಗದೆ ಕಾಲು ಸುತ್ತಿನ ಬಾಲ್ ವಾಲ್ವ್ ಹಾಕಿಸಿ, ಅದರ ಒಳಗಿನ ತೂತು ಪೈಪಿನಷ್ಟೇ ದೊಡ್ಡದು ಇರಬೇಕು ಅಂತ ನೋಡಿ ತನ್ನಿ. ಸಿಂಕಿನ ಕೆಳಗೆ ಆಂಗಲ್ ವಾಲ್ವ್ ಇದ್ದರೆ ಅದನ್ನೂ ಬಿಚ್ಚಿ ನೋಡಬೇಕು. ಬಾವಿ ಕೆಲಸ ಮಾಡಿಸಿದ ಮೇಲೆ ಅಥವಾ ಮೊದಲ ಮಳೆಯ ಕೆಸರು ನೀರು ಎಳೆದ ಮೇಲೆ ಕಸ ಬಂದು ಕೂರುವ ಜಾಗ ಅದು.

ಗಾಳಿಯ ಸಮಸ್ಯೆ ಇನ್ನೊಂದು. ಟ್ಯಾಂಕ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬಿದ ಮೇಲೆ ಅಡುಗೆಮನೆಯಲ್ಲಿ ಮಾತ್ರ ನೀರು ಗೊರಗೊರ ಅನ್ನುತ್ತಾ ನಿಂತರೆ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ ಅಂತ ತಿಳಿಯಿರಿ. ಪೈಪ್ ಬಾಗಿಲ ಮೇಲಿಂದ ಏರಿ ಇಳಿದು ಹೋಗಿರುವ ಮನೆಗಳಲ್ಲಿ ಇದು ಜಾಸ್ತಿ. ಎಲ್ಲ ನಳ್ಳಿಗಳನ್ನೂ ತೆರೆದು ಬಿಟ್ಟರೆ ಕೆಲವೊಮ್ಮೆ ಹೋಗುತ್ತದೆ. ಶಾಶ್ವತ ಉಪಾಯ ಅಂದರೆ ಟ್ಯಾಂಕಿನ ಹೊರದಾರಿಯ ವಾಲ್ವ್ ಆದ ಕೂಡಲೇ ಒಂದು ಗಾಳಿ ಪೈಪನ್ನು ನೇರವಾಗಿ ಟ್ಯಾಂಕಿನ ಮೇಲ್ಮಟ್ಟಕ್ಕಿಂತ ಎತ್ತರಕ್ಕೆ ನಿಲ್ಲಿಸಿ, ತುದಿಯನ್ನು ಕೆಳಗೆ ಬಗ್ಗಿಸಿ ಬಿಡುವುದು. ಚಿಲ್ಲರೆ ಖರ್ಚು. ಹಳೆ ಮನೆಗಳಲ್ಲಿ ಇದನ್ನು ಹಾಕಿರುವುದೇ ಇಲ್ಲ.

ಇಷ್ಟು ಮಾಡಿದ ಮೇಲೂ ಐದು ಲೀಟರಿಗೆ ಎರಡು ನಿಮಿಷ ಬೇಕೆಂದಾದರೆ ಮುಂದೆ ಓದಿ.

ಜಿಐ ಪೈಪಿನ ಹೊಟ್ಟೆಯೊಳಗೆ

ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆಯ) ನೆಲ. ಇಲ್ಲಿನ ತೆರೆದ ಬಾವಿಯ ನೀರು ಕುಡಿಯಲು ಸಿಹಿ, ಸೋಪು ಚೆನ್ನಾಗಿ ನೊರೆ ಬರುತ್ತದೆ, ಆದರೆ ಅದಕ್ಕೆ ಸ್ವಲ್ಪ ಹುಳಿ ಗುಣ ಇರುತ್ತದೆ. ಹುಳಿಯನ್ನು ಅಳೆಯುವ ಸಂಖ್ಯೆ ಪಿಎಚ್, ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ಒಳಗೆ ಇರಬೇಕು ಅನ್ನುತ್ತದೆ ನಮ್ಮ ದೇಶದ ಮಾನದಂಡ, ಮುರಕಲ್ಲಿನ ಬಾವಿಗಳಲ್ಲಿ ಅದು ಎಷ್ಟೋ ಕಡೆ 6.5ಕ್ಕಿಂತ ಕೆಳಗೇ ಇರುತ್ತದೆ. ಈ ನೀರು ಜಿಐ ಪೈಪಿನ ಸತುವಿನ ಪದರವನ್ನು ನಿಧಾನಕ್ಕೆ ತಿನ್ನುತ್ತದೆ, ಆಮೇಲೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಗಂಟು ಗಂಟಾಗಿ ಉಬ್ಬುತ್ತದೆ. ಬೋರಿನ ನೀರಾದರೆ ಅದರಲ್ಲಿ ಕರಗಿರುವ ಕಬ್ಬಿಣ ಗಾಳಿ ತಾಗಿದ ಕೂಡಲೇ ಕೆಂಪಾಗಿ ಪೈಪಿನಲ್ಲೇ ಇಳಿಯುತ್ತದೆ. ಹೊರಗಿನಿಂದ ಪೈಪ್ ಗಟ್ಟಿಯಾಗಿಯೇ ಇದೆ, ಕತ್ತರಿಸಿ ನೋಡಿದರೆ ಒಳಗೆ ಕಿರುಬೆರಳು ತೂರಿಸಲೂ ಜಾಗ ಇರುವುದಿಲ್ಲ.

ಇದರಿಂದ ಎಷ್ಟು ನಷ್ಟ? ಲೆಕ್ಕ ಹಾಕಿ ನೋಡೋಣ. ಪೈಪ್ 40 ಅಡಿ ಉದ್ದ, ನಳ್ಳಿಯ ಮೇಲೆ 5 ಅಡಿ ನೀರು ಅಂತ ಇಟ್ಟುಕೊಳ್ಳಿ. ಬೆಂಡು, ವಾಲ್ವ್, ನಳ್ಳಿಯ ಅಡ್ಡಿ ಬಿಟ್ಟು ಬರೀ ಪೈಪಿನ ಲೆಕ್ಕ ಇದು. ಹೊಸ ಅರ್ಧ ಇಂಚಿನ ಜಿಐ ಪೈಪಾದರೆ ನಿಮಿಷಕ್ಕೆ 12 ಲೀಟರ್ ಬರಬೇಕು. ಅದೇ ಪೈಪ್ ತುಕ್ಕು ಹಿಡಿದು ಒಳಗಿನ ಜಾಗ 10 ಮಿಲಿಮೀಟರಿಗೆ ಇಳಿದು ಒರಟಾಗಿದ್ದರೆ ಎರಡೂವರೆ ಲೀಟರ್ ಸಹ ಬರುವುದಿಲ್ಲ. ಬಲ ಅಷ್ಟೇ ಇದೆ, ಟ್ಯಾಂಕ್ ಅಲ್ಲೇ ಇದೆ, ನೀರು ಐದರಲ್ಲಿ ಒಂದು ಪಾಲಾಯಿತು.

ಈಗ ಮೂವರ ಮದ್ದನ್ನೂ ಇದೇ ಪೈಪಿಗೆ ಹಾಕಿ ನೋಡಿ. ಟ್ಯಾಂಕನ್ನು ಇನ್ನೂ ಐದು ಅಡಿ ಎತ್ತರಿಸಿದರೆ, ಅಂದರೆ ಬಲವನ್ನು ಇಮ್ಮಡಿ ಮಾಡಿದರೆ, ನೀರು ಇಮ್ಮಡಿ ಆಗುವುದಿಲ್ಲ, ಒಂದೂವರೆ ಪಾಲಿನ ಹತ್ತಿರ ಆಗುತ್ತದೆ. ಎರಡೂವರೆ ಇದ್ದದ್ದು ಮೂರೂವರೆ ಲೀಟರ್ ಆಯಿತು, ಇದಕ್ಕಾಗಿ ಹೊಸ ಸ್ಟ್ಯಾಂಡ್ ಕಟ್ಟಿಸಿದ್ದಾಯಿತು. ಎಂಟು ಮೀಟರ್ ಎತ್ತರದ ನೀರಿನಷ್ಟು ಒತ್ತಡ ಕೊಡುವ ಸಣ್ಣ ಪಂಪ್ ಹಾಕಿದರೆ ಆರೂವರೆ ಲೀಟರ್ ಬರಬಹುದು, ಪರವಾಗಿಲ್ಲ. ಪೈಪನ್ನು ಮುಕ್ಕಾಲು ಇಂಚಿನ ಸಿಪಿವಿಸಿಗೆ, ಅಂದರೆ ಬಿಸಿ ನೀರನ್ನೂ ತಾಳುವ ಪ್ಲಾಸ್ಟಿಕ್ ಪೈಪಿಗೆ, ಬದಲಾಯಿಸಿದರೆ? ಟ್ಯಾಂಕ್ ಇದ್ದಲ್ಲೇ ಇದ್ದು, ಕರೆಂಟ್ ಇಲ್ಲದೆ, ಲೆಕ್ಕದಲ್ಲಿ 20 ಲೀಟರ್. ಬೆಂಡುಗಳೂ ನಳ್ಳಿಯೂ ಅದರಲ್ಲಿ ಅರ್ಧ ತಿಂದರೂ ಹತ್ತು ಲೀಟರ್ ಉಳಿಯುತ್ತದೆ.

ಹಾಗಾಗಿ ನನ್ನ ಪಕ್ಷ ಯಾವುದು ಅಂತ ಮುಚ್ಚಿಡುವುದಿಲ್ಲ. ಜಿಐ ಪೈಪಿನ ಹಳೆ ಮನೆಯಲ್ಲಿ ಮೊದಲ ಆಯ್ಕೆ ಟ್ಯಾಂಕಿನಿಂದ ಅಡುಗೆಮನೆಗೆ ಒಂದು ಪ್ರತ್ಯೇಕ ಹೊಸ ಲೈನ್.

ಅಡುಗೆಮನೆಗೆ ಮಾತ್ರ ಹೊಸ ಲೈನ್

ಇಡೀ ಮನೆಯ ಪೈಪ್ ಬದಲಾಯಿಸಬೇಕು ಅಂತ ಪ್ಲಂಬರ್ ಹೇಳಿದಾಗ ಜನ ಹೆದರುವುದು ಗೋಡೆ ಒಡೆಯುವುದಕ್ಕೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಮುರಕಲ್ಲಿನ ಗೋಡೆಗೆ ಉಳಿ ಹಾಕಿದರೆ ಬೇಕಾದ್ದಕ್ಕಿಂತ ಜಾಸ್ತಿ ಉದುರುತ್ತದೆ, ಹೆದರುವುದು ಸರಿಯೇ. ಆದರೆ ಒಡೆಯುವ ಅಗತ್ಯವೇ ಇಲ್ಲ. ಹಳೆ ಪೈಪನ್ನು ಗೋಡೆಯೊಳಗೆ ಹಾಗೇ ಬಿಟ್ಟು, ಅಡುಗೆಮನೆಯ ಕಡೆಗೆ ಹೋಗುವ ತುದಿಗಳಿಗೆ ಪ್ಲಗ್ ಹಾಕಿ, ಹೊಸ ಪೈಪನ್ನು ಗೋಡೆಯ ಹೊರಗಿನಿಂದ ಮಾಡಿನ ಅಡಿಯಲ್ಲಿ ಕ್ಲಿಪ್ ಹೊಡೆದು ತಂದು ಸಿಂಕಿನ ಹತ್ತಿರ ಒಂದೇ ಒಂದು ತೂತು ತೆಗೆದು ಒಳಗೆ ಬಿಟ್ಟರೆ ಸಾಕು. ಚಂದ ಕಾಣುವುದಿಲ್ಲ ಅಂತ ಕೆಲವರು ಮುಖ ಸಿಂಡರಿಸುತ್ತಾರೆ. ಹಿತ್ತಲ ಕಡೆಯ ಗೋಡೆ, ಯಾರು ನೋಡುತ್ತಾರೆ?

ಅಳತೆಯಲ್ಲಿ ಮಾತ್ರ ಎಚ್ಚರ ಬೇಕು. ಅರ್ಧ ಇಂಚಿನ ಜಿಐ ತೆಗೆದು ಅರ್ಧ ಇಂಚಿನ ಸಿಪಿವಿಸಿ ಹಾಕುವುದು ನಮ್ಮಲ್ಲಿ ಮಾಮೂಲು, ಅಳತೆ ಒಂದೇ ಅಲ್ವಾ ಅಂತ. ಒಂದೇ ಅಲ್ಲ. ಅರ್ಧ ಇಂಚಿನ ಸಿಪಿವಿಸಿಯ ಹೊರಗಿನ ಅಳತೆ ಸುಮಾರು 16 ಮಿಲಿಮೀಟರ್, ದಪ್ಪ ಕಳೆದರೆ ಒಳಗೆ ಉಳಿಯುವುದು ಹನ್ನೆರಡೂವರೆಯ ಹತ್ತಿರ. ಹೊಸ ಜಿಐಯಲ್ಲಿ ಅದು 16 ಇರುತ್ತದೆ. ಹಾಗಾಗಿ ಮೇಲಿನ ಲೆಕ್ಕದಲ್ಲೇ ಅರ್ಧ ಇಂಚಿನ ಸಿಪಿವಿಸಿಯಲ್ಲಿ ಬರುವುದು ಎಂಟು ಲೀಟರ್ ಮಾತ್ರ. ಮುಕ್ಕಾಲು ಇಂಚಿನದ್ದರಲ್ಲಿ ಒಳಗೆ 18 ಮಿಲಿಮೀಟರ್ ಸಿಗುತ್ತದೆ. ಬೆಲೆಯ ವ್ಯತ್ಯಾಸ ಸ್ವಲ್ಪ, ನೀರಿನ ವ್ಯತ್ಯಾಸ ಎರಡೂವರೆ ಪಾಲು. ಟ್ಯಾಂಕಿನಿಂದ ನಳ್ಳಿಯವರೆಗೂ ಮುಕ್ಕಾಲೇ ಇರಲಿ, ನಳ್ಳಿಗೆ ಜೋಡಿಸುವ ಕೊನೆಯ ತುಂಡಿನಲ್ಲಿ ಮಾತ್ರ ಅರ್ಧಕ್ಕೆ ಇಳಿಸಿ. ದಾರಿ 60-70 ಅಡಿ ದಾಟುವುದಾದರೆ ಟ್ಯಾಂಕಿನ ಕಡೆಯ ಅರ್ಧವನ್ನು ಒಂದು ಇಂಚಿನಲ್ಲಿ ತನ್ನಿ.

ಸಿಪಿವಿಸಿಯೇ ಯಾಕೆ? ಬಿಸಿ ನೀರಿಲ್ಲದಿದ್ದರೆ ಬೇಕೆಂದೇನೂ ಇಲ್ಲ. ತಣ್ಣೀರಿಗೆ ಯುಪಿವಿಸಿ ಅನ್ನುವ ಸಾದಾ ಪ್ಲಾಸ್ಟಿಕ್ ಪೈಪ್ ಕಡಿಮೆ ದುಡ್ಡಿಗೆ ಬರುತ್ತದೆ, ಕೆಲಸಕ್ಕೆ ಸಾಕು. ಎರಡಕ್ಕೂ ಬಿಸಿಲು ಆಗದು, ವರ್ಷಗಟ್ಟಲೆ ಬಿಸಿಲು ಬಿದ್ದರೆ ಪೆಡಸಾಗಿ ಒಡೆಯುತ್ತವೆ, ಹಾಗಾಗಿ ಮಾಡಿನ ನೆರಳಿಲ್ಲದ ಕಡೆ ನೀರಿನ ಪೇಂಟ್ ಒಂದು ಕೈ ಬಳಿಯಿರಿ. ಜಿಐಯೇ ಗಟ್ಟಿ ಅಂತ ಹಠ ಮಾಡುವ ಹಿರಿಯರು ಎಲ್ಲ ಮನೆಯಲ್ಲೂ ಇರುತ್ತಾರೆ, ಅವರಿಗೆ ಹಳೆ ಪೈಪಿನ ಒಂದು ತುಂಡು ಕತ್ತರಿಸಿ ಕೈಗೆ ಕೊಡಿ. ಇನ್ನು ಜಿಐ ಪೈಪಿಗೆ ಆ್ಯಸಿಡ್ ಬಿಟ್ಟು ತೊಳೆದುಕೊಡುತ್ತೇವೆ ಅನ್ನುವವರ ಮಾತಿಗೆ ಕಿವಿ ಕೊಡಬೇಡಿ. ಆ್ಯಸಿಡ್ ತುಕ್ಕನ್ನೂ ತಿನ್ನುತ್ತದೆ, ತುಕ್ಕೇ ಹಿಡಿದು ನಿಲ್ಲಿಸಿದ್ದ ತೆಳು ಪೈಪನ್ನೂ ತಿನ್ನುತ್ತದೆ. ಆಮೇಲೆ ಗೋಡೆ ಒದ್ದೆ.

ಖರ್ಚು? 40 ಅಡಿಯ ಕೆಲಸಕ್ಕೆ ಪೈಪು, ಬೆಂಡು, ಕ್ಲಿಪ್ಪು, ಒಂದು ದಿನದ ಕೂಲಿ. ಹೆಚ್ಚಿನ ಕಡೆ ಇದು ಒಂದು ಒಳ್ಳೆಯ ಪಂಪಿನ ಬೆಲೆಗಿಂತ ಜಾಸ್ತಿ ಆಗುವುದಿಲ್ಲ.

ಅಣ್ಣ ತಮ್ಮಂದಿರು ಪಾಲಾಗಿ ಒಂದೇ ಮನೆಯಲ್ಲಿ ಎರಡು ಒಲೆ ಹೊತ್ತಿಸುವಲ್ಲಿ, ಒಂದು ಟ್ಯಾಂಕ್ ಎರಡು ಅಡುಗೆಮನೆ ಅಂತಾದಾಗ, ಪ್ರತ್ಯೇಕ ಲೈನಿನ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಅಲ್ಲಿ ಅತ್ತಿಗೆ ನಳ್ಳಿ ತಿರುಗಿಸಿದರೆ ಇಲ್ಲಿ ನೀರು ನಿಲ್ಲುತ್ತದೆ, ಮಾತು ಬೆಳೆಯುತ್ತದೆ. ಟ್ಯಾಂಕಿಗೆ ಇನ್ನೊಂದು ತೂತು ಕೊರೆದು ಎರಡನೇ ಹೊರದಾರಿ ಕೊಟ್ಟುಬಿಡಿ. ಹಳೆ ಲೈನಿನಿಂದಲೇ ಟಿ ಹಾಕಿ ಕವಲು ತೆಗೆದರೆ ಜಗಳ ಮುಂದುವರಿಯುತ್ತದೆ.

ಟ್ಯಾಂಕ್ ಎತ್ತರಿಸುವುದು, ಅಥವಾ ಗುಡ್ಡೆ ಹತ್ತಿಸುವುದು

ಟ್ಯಾಂಕ್ ಎತ್ತರಿಸುವುದಕ್ಕೆ ನಾನು ವಿರೋಧಿ ಅಲ್ಲ. ಪೈಪ್ ಚೆನ್ನಾಗಿದ್ದು, ಟ್ಯಾಂಕಿನ ತಳ ನಳ್ಳಿಗಿಂತ ಎರಡು ಮೂರು ಅಡಿ ಮಾತ್ರ ಮೇಲಿದ್ದರೆ, ಅದೇ ಸರಿಯಾದ ಮದ್ದು. ಸಾವಿರ ಲೀಟರ್ ನೀರು ಅಂದರೆ ಒಂದು ಟನ್ ಭಾರ, ಅದನ್ನು ಹಳೆ ಬಚ್ಚಲಿನ ಸ್ಲ್ಯಾಬಿನ ಮೇಲೆ ಇಟ್ಟಿಗೆ ಪೇರಿಸಿ ಏರಿಸುವುದು ಬೇಡ. ಪಕ್ಕದಲ್ಲಿ ನೆಲದಿಂದಲೇ ಸ್ಟ್ಯಾಂಡ್ ಎಬ್ಬಿಸಬೇಕು. ಜೊತೆಗೆ ಅಡುಗೆಮನೆಯ ಪಕ್ಕದಲ್ಲೇ ಎಬ್ಬಿಸಿದರೆ ಪೈಪಿನ ಉದ್ದವೂ ಕಡಿಮೆಯಾಗುತ್ತದೆ, ಬಲ ಸ್ವಲ್ಪ ಜಾಸ್ತಿ, ದಾರಿ ತುಂಬ ಕಡಿಮೆ, ಎರಡು ಲಾಭ.

ಆದರೆ ನಮ್ಮ ಊರಿಗೆ ಇನ್ನೊಂದು ದಾರಿ ಇದೆ, ಬಯಲುಸೀಮೆಯವರಿಗೆ ಇಲ್ಲದ್ದು. ಮನೆ ಬೈಲಿನಲ್ಲಿ, ಅಡಿಕೆ ತೋಟದ ಅಂಚಿನಲ್ಲಿ, ಬೆನ್ನಿಗೆ ಗುಡ್ಡೆ. ಕಬ್ಬಿಣದ ಸ್ಟ್ಯಾಂಡ್ ಕಟ್ಟಿಸುವ ಬದಲು ಗುಡ್ಡೆಯಲ್ಲಿ ಮೂವತ್ತು ಅಡಿ ಮೇಲೆ ಒಂದು ಕಟ್ಟೆ ಕಟ್ಟಿ ಟ್ಯಾಂಕ್ ಇಟ್ಟರೆ ಹೆಚ್ಚುಕಮ್ಮಿ ಒಂದು ಕೆಜಿ ಒತ್ತಡ ಪುಕ್ಕಟೆ. ಬಾಯಾರು, ಪಡ್ರೆ, ಶೇಣಿಯ ಕಡೆ ಸುರಂಗದ ನೀರು ಇರುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ತಾನಾಗಿ ಇಳಿದು ಬರುತ್ತದೆ, ಮೋಟರ್ ಇಲ್ಲ, ಬಿಲ್ಲಿಲ್ಲ. ಅಂಥವರು ಸುರಂಗದ ಬಾಯಿಯ ಹತ್ತಿರ ಒಂದು ಸಣ್ಣ ತೊಟ್ಟಿಯಲ್ಲಿ ಮಣ್ಣು ಇಳಿಯಲು ಬಿಟ್ಟು, ಅದರ ಮೇಲಿನ ತಿಳಿಯನ್ನು ಟ್ಯಾಂಕಿಗೆ ಬಿಟ್ಟರೆ ಅಡುಗೆಮನೆ ನಳ್ಳಿ ಕಟ್ಟುವುದಿಲ್ಲ. ಎಪ್ರಿಲ್, ಮೇಯಲ್ಲಿ ಸುರಂಗದ ನೀರು ಇಳಿಯುತ್ತದೆ, ಆಗ ನಳ್ಳಿ ಸಣ್ಣಗಾದರೆ ಪೈಪನ್ನು ಬೈಯಬೇಡಿ.

ಗುಡ್ಡೆಯಿಂದ ತರುವ ಪೈಪ್ ಕಪ್ಪು ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಇರಲಿ, ಬಿಸಿಲಿಗೆ ಹೆದರುವುದಿಲ್ಲ, ಬಗ್ಗುತ್ತದೆ, ಜಾಯಿಂಟ್ ಕಡಿಮೆ. 200 ಅಡಿ ದೂರ, 30 ಅಡಿ ಇಳಿಜಾರು ಅಂತಾದರೆ ಅರ್ಧ ಇಂಚಿನದ್ದರಲ್ಲೂ ನಿಮಿಷಕ್ಕೆ 15 ಲೀಟರಿನ ಮೇಲೆ ಬರುತ್ತದೆ, ಒಂದು ಅಡುಗೆಮನೆಗೆ ಧಾರಾಳ. ಇಡೀ ಮನೆಗೆ ಬೇಕಾದರೆ ಒಂದು ಇಂಚು. ಹಾದಿಯುದ್ದಕ್ಕೂ ಇಳಿಜಾರು ಇರುವ ಹಾಗೆ ಎಳೆಯಿರಿ, ನಡುವೆ ಉಬ್ಬು ಬಂದರೆ ಅಲ್ಲಿ ಗಾಳಿ ಕೂರುತ್ತದೆ. ಅರ್ಧ ಅಡಿಯಾದರೂ ಮಣ್ಣಿನೊಳಗೆ ಹೂಳಬೇಕು, ಹಂದಿ ನೆಲ ಅಗೆಯುವ ಕಡೆ ಇನ್ನೂ ಆಳ.

ಕೇಡುಗಳೂ ಇವೆ. ಬಾವಿಯ ಮೋಟರ್ ಈಗ ಮೂವತ್ತು ಅಡಿ ಹೆಚ್ಚು ಎತ್ತಬೇಕು. ಮೋಟರಿನ ಮೇಲಿನ ತಗಡಿನಲ್ಲಿ ಎಷ್ಟು ಮೀಟರ್ ಹೆಡ್, ಅಂದರೆ ಎಷ್ಟು ಎತ್ತರಕ್ಕೆ ನೀರು ಎತ್ತಬಲ್ಲದು, ಅಂತ ಬರೆದಿರುತ್ತದೆ, ಬಾವಿಯ ಆಳ ಮತ್ತು ಗುಡ್ಡೆಯ ಎತ್ತರ ಕೂಡಿಸಿ ಅದಕ್ಕೆ ಹೋಲಿಸಿ ನೋಡದೆ ಕಟ್ಟೆ ಕಟ್ಟಬೇಡಿ. ಬೇಸಿಗೆಯಲ್ಲಿ ಬಾವಿ ನೀರು ಎಷ್ಟು ಕೆಳಗಿರುತ್ತದೋ ಆ ಲೆಕ್ಕ ಹಿಡಿಯಬೇಕು, ಜುಲೈಯ ಲೆಕ್ಕ ಅಲ್ಲ. ಇನ್ನೊಂದು, ಗುಡ್ಡೆಯ ನೀರನ್ನು ಹಳೆ ಜಿಐ ಪೈಪಿಗೆ ಜೋಡಿಸಬೇಡಿ. ಇಷ್ಟು ವರ್ಷ ಅದು ಕಾಲು ಕೆಜಿ ಒತ್ತಡದಲ್ಲಿ ಬದುಕಿದ್ದು. ಒಮ್ಮೆಲೇ ನಾಲ್ಕು ಪಾಲು ಕೊಟ್ಟರೆ ಗೋಡೆಯೊಳಗೆ ಎಲ್ಲಿ ಒಸರುತ್ತದೆ ಅಂತ ಹುಡುಕುವುದೇ ಕೆಲಸ.

ಪಂಪ್ ಯಾರಿಗೆ

ಪ್ರೆಶರ್ ಪಂಪ್ ಕೆಟ್ಟ ವಸ್ತು ಅಲ್ಲ. ಗುಡ್ಡೆ ಇಲ್ಲ, ಸ್ಟ್ಯಾಂಡ್ ಎಬ್ಬಿಸಲು ಜಾಗ ಇಲ್ಲ, ಪೈಪ್ ಹೊಸದು, ಆದರೂ ಮೇಲಿನ ಮಾಳಿಗೆಯ ಅಡುಗೆಮನೆ ಟ್ಯಾಂಕಿನ ಮಟ್ಟಕ್ಕೇ ಇದೆ. ಅಂಥಲ್ಲಿ ಪಂಪ್ ಬಿಟ್ಟರೆ ಗತಿ ಇಲ್ಲ. ಬಾಡಿಗೆ ಮನೆಯವರಿಗೂ ಅದು ಸರಿ, ಹೋಗುವಾಗ ಬಿಚ್ಚಿಕೊಂಡು ಹೋಗಬಹುದು.

ತುಕ್ಕು ಹಿಡಿದ ಪೈಪಿನ ಮನೆಗೆ ಮಾತ್ರ ಅದು ತಾತ್ಕಾಲಿಕ. ಸಣ್ಣ ಪಂಪುಗಳು ನೀರು ಹರಿಯುವುದನ್ನು ಗುರುತಿಸಿ ತಾವಾಗಿ ಚಾಲೂ ಆಗುತ್ತವೆ, ಅದಕ್ಕೆ ನಿಮಿಷಕ್ಕೆ ಒಂದೂವರೆ ಎರಡು ಲೀಟರಾದರೂ ಮೊದಲೇ ಹರಿಯುತ್ತಿರಬೇಕು. ನಿಮ್ಮ ನಳ್ಳಿಯಲ್ಲಿ ಅಷ್ಟೂ ಬರುತ್ತಿಲ್ಲ ಅಂದರೆ ಪಂಪ್ ಒಮ್ಮೆ ಚಾಲೂ, ಒಮ್ಮೆ ಬಂದ್, ಪಾತ್ರೆ ತೊಳೆಯುವವರ ತಾಳ್ಮೆ ಪರೀಕ್ಷೆ. ಒತ್ತಡ ನೋಡಿ ಚಾಲೂ ಆಗುವ ದೊಡ್ಡ ಪಂಪುಗಳಿಗೆ ಈ ತೊಂದರೆ ಇಲ್ಲ, ಅವಕ್ಕೆ ಬೇರೆ ತೊಂದರೆ: ಮನೆಯಲ್ಲಿ ಎಲ್ಲಾದರೂ ಒಂದು ನಳ್ಳಿ ತೊಟ್ಟಿಕ್ಕುತ್ತಿದ್ದರೆ ರಾತ್ರಿಯಿಡೀ ಗುರ್ ಅನ್ನುತ್ತಾ ಎದ್ದು ಕೂರುತ್ತವೆ. ಬೋರಿನ ಕೆಂಪು ರಾಡಿ ಸಣ್ಣ ಪಂಪುಗಳ ಒಳಗೆ ಕೂತು ತಿರುಗುವುದನ್ನೇ ನಿಲ್ಲಿಸುತ್ತದೆ, ಮುಂದೆ ಒಂದು ಜಾಲರಿ ಫಿಲ್ಟರ್ ಹಾಕಿ ತಿಂಗಳಿಗೊಮ್ಮೆ ತೊಳೆಯುವ ಮನಸ್ಸಿದ್ದರೆ ಮಾತ್ರ ತನ್ನಿ.

ಎಲ್ಲಕ್ಕಿಂತ ಮೇಲೆ ಕರೆಂಟ್. ಆಟಿ ತಿಂಗಳ (ಜುಲೈ-ಆಗಸ್ಟ್) ಗಾಳಿಮಳೆಯಲ್ಲಿ ತಂತಿಯ ಮೇಲೆ ಮರ ಬಿದ್ದರೆ ನಮ್ಮ ಒಳಗಿನ ಊರುಗಳಲ್ಲಿ ಬೆಳಕು ಯಾವಾಗ ಬರುತ್ತದೆ ಅಂತ ಯಾರೂ ಹೇಳಲಾರರು. ಟ್ಯಾಂಕಿನಲ್ಲಿ ನೀರಿದ್ದೂ ನಳ್ಳಿಯಲ್ಲಿ ಇಲ್ಲ ಅಂತ ಆಗಬಾರದು. ಹಾಗಾಗಿ ಪಂಪಿಗೆ ಸಮಾನಾಂತರವಾಗಿ ಒಂದು ಬೈಪಾಸ್ ಪೈಪ್, ಅದರಲ್ಲಿ ನೀರು ಹಿಂದಕ್ಕೆ ಹೋಗದ ಎನ್‌ಆರ್‌ವಿ ವಾಲ್ವ್ ಕಡ್ಡಾಯ ಹಾಕಿಸಿ. ಪ್ಲಂಬರ್ ಬೇಡ ಅಂದರೂ ಹಾಕಿಸಿ. ಪಂಪ್ ಇರಬೇಕಾದ ಜಾಗ ಟ್ಯಾಂಕಿನ ಹತ್ತಿರ, ಅದರ ತಳಕ್ಕಿಂತ ಕೆಳಗೆ, ಮಳೆ ತಾಗದ ಕಡೆ. ಸಿಂಕಿನ ಕೆಳಗೆ ಕೂರಿಸಿದರೆ ಅದು ಹಳೆ ಪೈಪಿನಿಂದ ಎಳೆಯಬೇಕಾಗುತ್ತದೆ, ಎಳೆಯುವ ಕೆಲಸದಲ್ಲಿ ಈ ಪಂಪುಗಳು ತೀರಾ ಬಡವ. ಇಡೀ ಮನೆಗೆ ಕೊಡದೆ ಅಡುಗೆಮನೆಯ ಲೈನಿಗೆ ಮಾತ್ರ ಕೊಡಿ. ನೀರಿಲ್ಲದೆ ಓಡಿದರೆ ತಾನಾಗಿ ನಿಲ್ಲುತ್ತದಾ ಅಂತ ಅಂಗಡಿಯಲ್ಲೇ ಕೇಳಿ ತನ್ನಿ.

ಸರಕಾರಿ ಲೈನಿನ ನೀರಾದರೆ

ವಾಟರ್ ಅಥಾರಿಟಿಯ ಅಥವಾ ಪಂಚಾಯತಿನ ಯೋಜನೆಯ ನೀರನ್ನು ನೇರವಾಗಿ ಅಡುಗೆಮನೆ ನಳ್ಳಿಗೆ ಕೊಟ್ಟಿರುವವರ ಲೆಕ್ಕ ಬೇರೆ. ಅಲ್ಲಿ ಒತ್ತಡ ಹೊತ್ತಿಗೊಂದು ತರ, ಗುಡ್ಡೆಯ ಮೇಲಿನ ಮನೆಗೆ ಒಂದು ತರ, ಕೆಳಗಿನವರಿಗೆ ಇನ್ನೊಂದು. ಜಲ ಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ ಹಾಕಿದೆ, ನಳ್ಳಿಯಲ್ಲಿ ರಭಸವಾಗಿ ಬರಬೇಕು ಅಂತಲ್ಲ. ಆ ಲೈನಿಗೆ ಮೋಟರ್ ಹಾಕಿ ಎಳೆಯುವ ಉಪಾಯ ಹೇಳಿಕೊಡುವವರು ಇದ್ದಾರೆ. ಅದು ಕಾನೂನು ಪ್ರಕಾರ ತಪ್ಪು, ಮೇಲಿನ ಮನೆಯವರ ನೀರು ಕಸಿದ ಹಾಗೆ, ಜೊತೆಗೆ ಲೈನ್ ಎಲ್ಲಾದರೂ ಒಡೆದಿದ್ದರೆ ಅಲ್ಲಿನ ಚರಂಡಿ ನೀರು ನಿಮ್ಮ ಅಡುಗೆಮನೆಗೇ ಬರುತ್ತದೆ. ಒಂದು ಸಣ್ಣ ಟ್ಯಾಂಕಿಗೆ ತುಂಬಿಸಿ, ಅಲ್ಲಿಂದ ಮುಕ್ಕಾಲು ಇಂಚಿನ ಲೈನ್ ಎಳೆಯುವುದೇ ಸರಿ. ಬಾವಿಯ ನೀರೂ ಸರಕಾರಿ ನೀರೂ ಒಂದೇ ಪೈಪಿನಲ್ಲಿ ಕೂಡುವ ಹಾಗೆ ಮಾಡಬೇಡಿ, ಎರಡೂ ಟ್ಯಾಂಕಿನ ಮೇಲಿನಿಂದ ಬೇರೆ ಬೇರೆ ಬೀಳಲಿ.

ಕೊನೆಗೆ ಕೆಲಸದ ಹೊತ್ತು. ಮಣ್ಣು ಅಗೆಯುವ ಕೆಲಸ ಇದ್ದರೆ ಪತ್ತನಾಜೆಗೆ (ಮೇ ತಿಂಗಳ ಕೊನೆಯ ವಾರಕ್ಕೆ) ಮೊದಲು ಮುಗಿಸಿಕೊಳ್ಳಿ, ಮಳೆ ಶುರುವಾದ ಮೇಲೆ ಚರಂಡಿ ತೋಡಿದರೆ ಕೆಸರು ಪೈಪಿನೊಳಗೇ ಸೇರುತ್ತದೆ, ಪ್ಲಂಬರೂ ಸಿಗುವುದಿಲ್ಲ. ಹೊಸ ಲೈನ್ ಜೋಡಿಸಿದ ದಿನ ನಳ್ಳಿ ಹಾಕುವ ಮೊದಲು ಬರೀ ಪೈಪಿನಿಂದ ನಾಲ್ಕು ಬಕೆಟ್ ನೀರು ಹೊರಗೆ ಬಿಡಿಸಿ. ಕತ್ತರಿಸಿದ ಪೈಪಿನ ಪುಡಿ, ಅಂಟಿನ ಚೂರು ಎಲ್ಲ ಆಗಲೇ ಹೋಗಬೇಕು, ಇಲ್ಲದಿದ್ದರೆ ಮರುದಿನವೇ ಜಾಲರಿ ಕಟ್ಟುತ್ತದೆ. ಆಮೇಲೆ ಅದೇ ಐದು ಲೀಟರಿನ ಬಕೆಟ್ ಇಟ್ಟು ಪ್ಲಂಬರ್ ಎದುರಿಗೇ ಸಮಯ ನೋಡಿ, ಕೂಲಿ ಕೊಡುವುದು ಅದರ ನಂತರ.